ಹೆಬ್ಬಾವಿನ ಹಳೆಯ ಬೀಗ

ವೃತ್ತದ ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಎಷ್ಟು? ಹೈಸ್ಕೂಲಿನ ಯಾವ ಹುಡುಗ ಹುಡುಗಿಯನ್ನು ಕೇಳಿದರೂ 3.14 ಎಂಬ ಉತ್ತರ ಥಟ್ಟನೆ ಬರುತ್ತದೆ. ಅದೇ ಸಂಖ್ಯೆಯನ್ನು ಹಣೆಗೆ ಅಂಟಿಸಿಕೊಂಡು ‘ಪೈಥಾನ್’ ಎಂಬ ಕಂಪ್ಯೂಟರ್ ಭಾಷೆಯ ಆವೃತ್ತಿಯೊಂದು 2025ರ ಅಕ್ಟೋಬರ್ 7ರಂದು ಹೊರಬಂತು. ಹೆಸರಿನಲ್ಲೂ ‘ಪೈ’, ಸಂಖ್ಯೆಯಲ್ಲೂ ‘ಪೈ’! ಪ್ರೋಗ್ರಾಮ್ ಬರೆಯುವವರಿಗೆ ತಮಾಷೆ ಮಾಡಲು ಇಷ್ಟು ಸಾಲದೇ?

ತಮಾಷೆ ಹಾಗಿರಲಿ. ಈ 3.14 ದಶಮಾಂಶ ಸಂಖ್ಯೆಯಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಚುಕ್ಕೆಯ ಎಡಕ್ಕಿರುವುದು ಪೀಳಿಗೆ, ಬಲಕ್ಕಿರುವುದು ಆ ಪೀಳಿಗೆಯ ಆವೃತ್ತಿ. ಗಣಿತದ ಲೆಕ್ಕದಲ್ಲಿ 3.9 ದೊಡ್ಡದು, 3.10 ಚಿಕ್ಕದು. ಪೈಥಾನಿನ ಲೆಕ್ಕದಲ್ಲಿ 3.9 ಬಂದ ಮೇಲೆ 3.10, ಆಮೇಲೆ 3.11, ಹೀಗೆ ಸಾಗಿ 3.14. ಪ್ರತಿ ವರ್ಷ ಅಕ್ಟೋಬರಿನಲ್ಲಿ ಒಂದು ಹೊಸ ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷದ ಆಯುಸ್ಸು. ಹೊಸದು ಹುಟ್ಟಿದ ಅದೇ ತಿಂಗಳು 3.9ರ ಆಯುಸ್ಸು ಮುಗಿಯಿತು. ಇನ್ನು ಅದರಲ್ಲಿ ದೋಷ ಕಂಡರೂ ತಿದ್ದುವವರಿಲ್ಲ.

ಈ ಸುದ್ದಿ ನಮ್ಮ ಮನೆಗಳಿಗೆ ಏಕೆ ಬೇಕು ಎಂದು ಕೇಳಬಹುದು. ಸಿಬಿಎಸ್‌ಇ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಹಿಂದೆ ಸಿ ಪ್ಲಸ್ ಪ್ಲಸ್ ಕುಳಿತಿದ್ದ ಜಾಗದಲ್ಲಿ ಪೈಥಾನ್ ಕುಳಿತಿದೆ. ಎನ್‌ಸಿಇಆರ್‌ಟಿ ಪುಸ್ತಕಗಳು ಪಾಠ ಹೇಳುವುದು ಇದೇ ಭಾಷೆಯಲ್ಲಿ. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷದವರ ಆಯ್ಕೆಗೆ ಪೈಥಾನ್ ಪರಿಚಯದ ವಿಷಯವನ್ನು ಇಟ್ಟಿತು. ಕೃತಕ ಬುದ್ಧಿಮತ್ತೆ, ದತ್ತಾಂಶ ವಿಶ್ಲೇಷಣೆ ಎಂದು ಯಾರೇ ಮಾತೆತ್ತಿದರೂ ಹಿಂದೆಯೇ ಪೈಥಾನ್ ಬರುತ್ತದೆ. ಹೀಗಿರುವಾಗ ‘ಪೈಥಾನ್ ಬದಲಾಯಿತಂತೆ’ ಎಂಬ ಮಾತು ಕಿವಿಗೆ ಬಿದ್ದರೆ ತಂದೆತಾಯಿಗೆ ದಿಗಿಲಾಗುವುದು ಸಹಜ. ಕೋಚಿಂಗ್‌ಗೆ ಕಟ್ಟಿದ ಫೀಸು ದಂಡವೇ? ಕಳೆದ ವರ್ಷ ಕೊಂಡ ಪುಸ್ತಕ ರದ್ದಿಯೇ? ಮಗಳು ಎರಡು ವರ್ಷ ಕಲಿತದ್ದು ಹಳತಾಯಿತೇ?

ಉತ್ತರ ಮೊದಲೇ ಹೇಳಿಬಿಡೋಣ: ಇಲ್ಲ. ಏಕೆ ಇಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಬೀಗದ ಕಥೆ ಕೇಳಬೇಕು. ಈ ಹೊಸ ಆವೃತ್ತಿಯ ದೊಡ್ಡ ಸುದ್ದಿಯೂ ಅದೇ.

ಉಗ್ರಾಣದ ಕೀಲಿಕೈ

ಪೈಥಾನ್ ಎಂದರೆ ಇಂಗ್ಲಿಷಿನಲ್ಲಿ ಹೆಬ್ಬಾವು ನಿಜ. ಆದರೆ ಈ ಭಾಷೆಗೆ ಆ ಹೆಸರು ಬಂದದ್ದು ಹಾವಿನಿಂದಲ್ಲ, ಬಿಬಿಸಿ ಟೆಲಿವಿಷನ್ನಿನ ‘ಮಾಂಟಿ ಪೈಥಾನ್’ ಎಂಬ ಹಾಸ್ಯ ತಂಡದಿಂದ. ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿದ್ದ ಗೀಡೊ ವಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಬರೆಯಲು ಕುಳಿತ ಭಾಷೆ ಇದು. 1991ರ ಫೆಬ್ರುವರಿಯಲ್ಲಿ ಅದನ್ನು ಎಲ್ಲರ ಮುಂದಿಟ್ಟರು. ಆ ಕಾಲದ ಮೇಜಿನ ಮೇಲಿನ ಕಂಪ್ಯೂಟರುಗಳಲ್ಲಿ ಲೆಕ್ಕ ಮಾಡುವ ಮಿದುಳು, ಅಂದರೆ ಪ್ರೊಸೆಸರ್, ಇದ್ದದ್ದು ಒಂದೇ.

ಈಗ ಒಂದು ಮದುವೆ ಮನೆಯ ಅಡುಗೆಶಾಲೆಯನ್ನು ಕಲ್ಪಿಸಿಕೊಳ್ಳಿ. ಉಗ್ರಾಣದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತುಪ್ಪ ಎಲ್ಲ ಇದೆ. ಯಾವ ಸಾಮಾನು ಎಷ್ಟು ಜನರ ಕೈಯಲ್ಲಿದೆ ಎಂದು ಬರೆದಿಡಲು ಒಂದು ಲೆಕ್ಕದ ಪುಸ್ತಕವಿದೆ. ಒಂದು ಪಾತ್ರೆ ಯಾರಿಗೂ ಬೇಡವಾಯಿತು, ಲೆಕ್ಕ ಸೊನ್ನೆಗೆ ಇಳಿಯಿತು ಎಂದಾಗ ಅದನ್ನು ತೊಳೆದು ಎತ್ತಿಡುತ್ತಾರೆ. ಪೈಥಾನ್ ತನ್ನ ನೆನಪಿನಲ್ಲಿರುವ ಪ್ರತಿ ವಸ್ತುವಿನ ಬಗ್ಗೆ ಇಟ್ಟುಕೊಳ್ಳುವುದು ಇಂಥದೇ ಲೆಕ್ಕ. ಇದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ? ಎರಡು ಕಡೆ, ಒಂದು ಕಡೆ, ಸೊನ್ನೆ. ಸೊನ್ನೆಯಾದ ಕೂಡಲೇ ಜಾಗ ಖಾಲಿ.

ಅಡುಗೆಯವರು ಒಬ್ಬರೇ ಇದ್ದಾಗ ತೊಂದರೆಯಿಲ್ಲ. ನಾಲ್ವರಿದ್ದರೆ? ಇಬ್ಬರು ಒಂದೇ ಗಳಿಗೆಯಲ್ಲಿ ಪುಸ್ತಕ ತೆರೆದು ‘ಎರಡು’ ಎಂಬುದನ್ನು ಓದುತ್ತಾರೆ, ಇಬ್ಬರೂ ಒಂದನ್ನು ಕಳೆದು ‘ಒಂದು’ ಎಂದು ಬರೆಯುತ್ತಾರೆ. ನಿಜಕ್ಕೂ ಅಲ್ಲಿ ಸೊನ್ನೆ ಇರಬೇಕಿತ್ತು. ಲೆಕ್ಕ ಕೆಟ್ಟಿತು. ಇನ್ನೊಮ್ಮೆ ಇದೇ ಗೊಂದಲ ತಿರುವುಮುರುವಾದರೆ, ಒಬ್ಬನ ಕೈಯಲ್ಲಿ ಕುದಿಯುತ್ತಿರುವ ಸಾರಿನ ಪಾತ್ರೆಯನ್ನೇ ಇನ್ನೊಬ್ಬ ತೊಳೆಯಲು ಹಾಕಿಬಿಡುತ್ತಾನೆ. ಇದನ್ನು ತಪ್ಪಿಸಲು ಪೈಥಾನ್ ಸುಲಭದ ಉಪಾಯ ಕಂಡುಕೊಂಡಿತು. ಉಗ್ರಾಣಕ್ಕೆ ಒಂದು ಬೀಗ, ಅದಕ್ಕೆ ಒಂದೇ ಕೀಲಿಕೈ. ಕೀಲಿಕೈ ಯಾರ ಕೈಯಲ್ಲಿದೆಯೋ ಅವರಷ್ಟೇ ಕೆಲಸ ಮಾಡಬೇಕು. ಸ್ವಲ್ಪ ಹೊತ್ತಿಗೆ ಅದನ್ನು ಇನ್ನೊಬ್ಬರಿಗೆ ದಾಟಿಸಬೇಕು. ಉಳಿದವರು ಕಾಯಬೇಕು. ಇದೇ ‘ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್’, ಚಿಕ್ಕದಾಗಿ ‘ಗಿಲ್’.

ಒಂದೇ ಮಿದುಳಿನ ಕಂಪ್ಯೂಟರಿನಲ್ಲಿ ಇದರಿಂದ ನಷ್ಟವೇನೂ ಇರಲಿಲ್ಲ. ಆದರೆ ಕಾಲ ನಿಲ್ಲಲಿಲ್ಲ. ಇಂದು ಸಾಧಾರಣ ಬೆಲೆಯ ಲ್ಯಾಪ್‌ಟಾಪಿನಲ್ಲೂ ನಾಲ್ಕು, ಆರು, ಎಂಟು ಕೋರ್‌ಗಳಿವೆ, ಎಂದರೆ ಅಷ್ಟು ಮಂದಿ ಅಡುಗೆಯವರು. ಪೈಥಾನ್ ಪ್ರೋಗ್ರಾಮಿನಲ್ಲಿ ‘ಥ್ರೆಡ್’ ಎಂಬ ಎಳೆಗಳನ್ನು ಎಷ್ಟೇ ಹುಟ್ಟಿಸಿ ಕೆಲಸ ಹಂಚಿದರೂ ಲೆಕ್ಕಾಚಾರದ ವಿಷಯಕ್ಕೆ ಬಂದರೆ ಒಂದು ಹೊತ್ತಿಗೆ ಒಬ್ಬರದೇ ಕೈ ಓಡುತ್ತದೆ. ಉಳಿದವರು ಸೌಟು ಹಿಡಿದು ನಿಂತಿರುತ್ತಾರೆ!

ಸುತ್ತುದಾರಿಗಳಿದ್ದವು. ಪ್ರತಿ ಅಡುಗೆಯವನಿಗೂ ಬೇರೆಯೇ ಅಡುಗೆಶಾಲೆ ಕಟ್ಟಿಕೊಡುವುದು, ಅಂದರೆ ಪೈಥಾನನ್ನೇ ನಾಲ್ಕು ಸಲ ತೆರೆಯುವುದು, ಒಂದು ದಾರಿ. ಅದಕ್ಕೆ ನೆನಪಿನ ಜಾಗ ಹೆಚ್ಚು ಬೇಕು. ‘ನಂಪೈ’ಯಂಥ ಗಣಿತದ ತಂತ್ರಾಂಶಗಳು ಭಾರೀ ಲೆಕ್ಕವನ್ನು ಪೈಥಾನಿನ ಆಚೆಗೆ ಸಿ ಭಾಷೆಯಲ್ಲಿ ಮಾಡಿ, ಆ ಹೊತ್ತಿಗೆ ಕೀಲಿಕೈಯನ್ನು ಬಿಟ್ಟುಕೊಡುತ್ತವೆ. ಇಷ್ಟರಲ್ಲೇ ಲೋಕ ಮೂವತ್ತು ವರ್ಷ ಕಾಲ ಹಾಕಿತು.

ಯಾರೂ ಕೀಳಲು ನೋಡಲಿಲ್ಲವೇ?

ನೋಡಿದರು. 1990ರ ದಶಕದಲ್ಲೇ ಗ್ರೆಗ್ ಸ್ಟೈನ್ ಎಂಬ ಪ್ರೋಗ್ರಾಮರ್ ಬೀಗ ಕಳಚಿದ ಪೈಥಾನನ್ನು ಮಾಡಿ ತೋರಿಸಿದ್ದರು. ಆದರೆ ಒಂದು ದೊಡ್ಡ ಬೀಗದ ಬದಲು ಡಬ್ಬಿ ಡಬ್ಬಿಗೂ ಸಣ್ಣ ಬೀಗ ಹಾಕಿದಂತಾಗಿ, ಒಂದೇ ಎಳೆಯಲ್ಲಿ ಓಡುವ ಮಾಮೂಲು ಪ್ರೋಗ್ರಾಮುಗಳ ವೇಗ ಸುಮಾರು ಅರ್ಧಕ್ಕೆ ಇಳಿಯಿತು. 2007ರಲ್ಲಿ ಗೀಡೊ ಒಂದು ಷರತ್ತು ಹಾಕಿದರು. ಒಂದು ಎಳೆಯ ಪ್ರೋಗ್ರಾಮು ನಿಧಾನವಾಗಬಾರದು, ಅಂಥ ಪರಿಹಾರ ತಂದರೆ ಸ್ವಾಗತ ಎಂದು. ಷರತ್ತು ನ್ಯಾಯವಾದದ್ದೇ. ನಾಲ್ವರು ಅಡುಗೆಯವರ ಅನುಕೂಲಕ್ಕಾಗಿ ಒಬ್ಬಂಟಿಯಾಗಿ ಅನ್ನ ಬೇಯಿಸುವ ಸಾವಿರಾರು ಮನೆಗಳ ಒಲೆ ಮಂದ ಮಾಡಬಾರದಲ್ಲ! 2016ರಲ್ಲಿ ಲ್ಯಾರಿ ಹೇಸ್ಟಿಂಗ್ಸ್ ಮಾಡಿದ ಇನ್ನೊಂದು ಪ್ರಯತ್ನವೂ ವೇಗದ ಗೋಡೆಗೇ ಡಿಕ್ಕಿ ಹೊಡೆಯಿತು.

2021ರಲ್ಲಿ ಮೆಟಾ ಕಂಪನಿಯಲ್ಲಿದ್ದ ಸ್ಯಾಮ್ ಗ್ರಾಸ್ ಹೊಸ ಬಗೆಯನ್ನು ಮುಂದಿಟ್ಟರು. ಅವರ ಯುಕ್ತಿ ಹೀಗಿದೆ. ಹೆಚ್ಚಿನ ಸಾಮಾನುಗಳನ್ನು ಬಳಸುವುದು ಅವುಗಳನ್ನು ತಂದ ಅಡುಗೆಯವನೇ. ಹಾಗಾಗಿ ಅವನು ತನ್ನ ಲೆಕ್ಕವನ್ನು ತನ್ನದೇ ಚೀಟಿಯಲ್ಲಿ ಬರೆದುಕೊಳ್ಳಲಿ, ಬೀಗದ ಹಂಗಿಲ್ಲದೆ. ಬೇರೆಯವರು ಅದೇ ಸಾಮಾನನ್ನು ಮುಟ್ಟಿದಾಗ ಮಾತ್ರ ಎಚ್ಚರದಿಂದ ಬರೆಯುವ ಇನ್ನೊಂದು ಪಟ್ಟಿ ಇರಲಿ. ಎಲ್ಲರೂ ಯಾವಾಗಲೂ ಬಳಸುವ ಉಪ್ಪಿನ ಮರಿಗೆಗೆ ಲೆಕ್ಕವೇ ಬೇಡ, ಅದು ಎಂದೂ ಖಾಲಿಯಾಗದ ಅಕ್ಷಯ ಪಾತ್ರೆ ಎಂದು ಒಪ್ಪಿಕೊಂಡುಬಿಡಲಿ. ಪೈಥಾನಿನಲ್ಲಿ ‘ಟ್ರೂ’, ‘ಫಾಲ್ಸ್’, ‘ನನ್’ ಎಂಬವು ಇಂಥ ಉಪ್ಪಿನ ಮರಿಗೆಗಳು.

ಯುಕ್ತಿ ಫಲಿಸಿತು. 2023ರಲ್ಲಿ ಪೈಥಾನಿನ ಆಡಳಿತ ಮಂಡಳಿ ಅದನ್ನು ಒಪ್ಪಿತು. ಆದರೆ ಒಪ್ಪಿದ ಬಗೆಯನ್ನು ಗಮನಿಸಿ. ‘ನಾಳೆಯಿಂದ ಬೀಗವಿಲ್ಲ’ ಎಂದು ಡಂಗುರ ಸಾರಲಿಲ್ಲ. ಮೂರು ಮೆಟ್ಟಿಲು ಇಟ್ಟರು. ಮೊದಲನೆಯದು ಬರೀ ಪ್ರಯೋಗ, ಬೇಕಾದವರು ಮಾತ್ರ ಬಳಸಬಹುದು. ಅದು 2024ರ ಅಕ್ಟೋಬರಿನ 3.13ರಲ್ಲಿ ಬಂತು. ಎರಡನೆಯದು ಅಧಿಕೃತ ಬೆಂಬಲ, ಆದರೂ ಐಚ್ಛಿಕ. ಅದೇ 3.14ರಲ್ಲಿ ಬಂದದ್ದು. ಮೂರನೆಯದು ಎಲ್ಲರಿಗೂ ಬೀಗವಿಲ್ಲದ ಪೈಥಾನೇ ಮಾಮೂಲಾಗುವುದು. ಆ ಮೆಟ್ಟಿಲಿಗೆ ದಿನಾಂಕ ಕಟ್ಟದೆ ಬಿಟ್ಟರು. ನಡುವೆ ಎಡವಿದರೆ ಹಿಂದಕ್ಕೆ ಬರಲೂ ದಾರಿ ಇರಲಿ ಎಂದು ಮೊದಲೇ ಹೇಳಿಕೊಂಡರು. 3.13ರಲ್ಲಿ ಬೀಗವಿಲ್ಲದ ಪೈಥಾನ್ ಒಂದು ಎಳೆಯ ಪ್ರೋಗ್ರಾಮುಗಳಲ್ಲಿ ಸುಮಾರು ಶೇಕಡ 40ರಷ್ಟು ಹಿಂದೆ ಬೀಳುತ್ತಿತ್ತು. 3.14ರಲ್ಲಿ ಆ ಹಿನ್ನಡೆ ಶೇಕಡ 5ರಿಂದ 10ಕ್ಕೆ ಇಳಿಯಿತು.

ಇಷ್ಟೊಂದು ಹಿಂಜರಿಕೆ ಏಕೆ? ಹಿಂದೊಮ್ಮೆ ಬೆರಳು ಸುಟ್ಟುಕೊಂಡ ನೆನಪು.

ಹನ್ನೆರಡು ವರ್ಷದ ವಲಸೆ

2008ರ ಡಿಸೆಂಬರಿನಲ್ಲಿ ಪೈಥಾನ್ ಎರಡನೆಯ ಪೀಳಿಗೆಯಿಂದ ಮೂರನೆಯದಕ್ಕೆ ಹಾರಿತು. ಹಳೆಯ ಪ್ರೋಗ್ರಾಮುಗಳು ಹೊಸದರಲ್ಲಿ ಹಾಗೆಯೇ ಓಡುತ್ತಿರಲಿಲ್ಲ. ಕಾರಣವೂ ಸಣ್ಣದಲ್ಲ, ಮತ್ತು ಆ ಕಾರಣದಲ್ಲಿ ಕನ್ನಡಕ್ಕೂ ಪಾಲಿದೆ. ಎರಡನೆಯ ಪೀಳಿಗೆ ಪಠ್ಯವನ್ನು ಮಾಮೂಲಾಗಿ ಕಾಣುತ್ತಿದ್ದದ್ದು ಬೈಟುಗಳ ಸಾಲಾಗಿ. ‘ಕನ್ನಡ’ ಎಂಬ ಪದದ ಉದ್ದವೆಷ್ಟು ಎಂದು ಕೇಳಿದರೆ ಅದು 15 ಎನ್ನುತ್ತಿತ್ತು! ಯೂನಿಕೋಡಿನ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಮೂರು ಬೈಟು, ಅಂಥ ಐದು ಸಂಕೇತ. ಮೂರನೆಯ ಪೀಳಿಗೆ ಪಠ್ಯವನ್ನು ಯೂನಿಕೋಡಿನಲ್ಲೇ ನೋಡುತ್ತದೆ, 5 ಎನ್ನುತ್ತದೆ: ಕ, ನ, ಒತ್ತು ಮಾಡುವ ಹಲಂತ ಚಿಹ್ನೆ, ಮತ್ತೊಂದು ನ, ಡ. ನಾವು ಮೂರಕ್ಷರ ಎನ್ನುತ್ತೇವೆ, ಅದು ಬೇರೆ ಮಾತು. ಅಷ್ಟೇ ಅಲ್ಲ, ‘೧೦’ ಎಂದು ಕನ್ನಡ ಅಂಕೆಯಲ್ಲಿ ಬರೆದ ಪಠ್ಯವನ್ನು ಕೊಟ್ಟು ಸಂಖ್ಯೆ ಮಾಡು ಎಂದರೆ ಅದು ಹತ್ತು ಎಂದು ಸರಿಯಾಗಿ ಗ್ರಹಿಸುತ್ತದೆ. ಶಾಲೆಯ ಲ್ಯಾಬಿನಲ್ಲಿ ಒಮ್ಮೆ ಮಾಡಿ ನೋಡಿ, ಖುಷಿಯಾಗುತ್ತದೆ.

ಉದ್ದೇಶ ಒಳ್ಳೆಯದೇ. ಆದರೆ ಜನ ಹಳೆಯ ಮನೆ ಬಿಟ್ಟು ಬರಲಿಲ್ಲ. ಬ್ಯಾಂಕು, ಕಾರ್ಖಾನೆ, ಸಂಶೋಧನಾಲಯಗಳಲ್ಲಿ ಲಕ್ಷಗಟ್ಟಲೆ ಸಾಲು ಬರೆದಿಟ್ಟವರು ಅದನ್ನೆಲ್ಲ ಮತ್ತೆ ತಿದ್ದಬೇಕಿತ್ತು. 2015ಕ್ಕೆ ಮುಚ್ಚಬೇಕಿದ್ದ ಎರಡನೆಯ ಪೀಳಿಗೆಯ ಅಂಗಡಿಯನ್ನು 2020ರ ಜನವರಿ 1ರವರೆಗೆ ತೆರೆದಿಡಬೇಕಾಯಿತು. ಹನ್ನೊಂದು ಹನ್ನೆರಡು ವರ್ಷ ಒಂದು ಭಾಷೆ ಎರಡು ಮನೆಯಾಗಿ ಬದುಕಿತು. ಈ ಪೆಟ್ಟಿನಿಂದ ಕಲಿತ ಪಾಠವೇ ಬೀಗ ತೆಗೆಯುವಾಗಿನ ಮೂರು ಮೆಟ್ಟಿಲು.

ಈ ಇತಿಹಾಸದಿಂದ ತಂದೆತಾಯಿಗೆ ಒಂದು ನೇರ ಉಪಯೋಗವಿದೆ. ಅವೆನ್ಯೂ ರಸ್ತೆಯಂಥ ಕಡೆ ಹಳೆಯ ಪುಸ್ತಕ ಕೊಳ್ಳುವಾಗ ಹಾಳೆ ತಿರುವಿ ‘ಪ್ರಿಂಟ್’ ಎಂಬ ಆಜ್ಞೆಯನ್ನು ಹುಡುಕಿ. ಅದರ ಮುಂದೆ ಆವರಣ ಚಿಹ್ನೆ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎನ್ನಲಾಗದು, ಆದರೆ ಪುಸ್ತಕದುದ್ದಕ್ಕೂ ಆವರಣವಿಲ್ಲದೆ ಬರಿದೇ ಬರೆದಿದ್ದರೆ ಅದು ತೀರಿಹೋದ ಎರಡನೆಯ ಪೀಳಿಗೆಯ ಪುಸ್ತಕ. ಎಷ್ಟೇ ಅಗ್ಗವಾದರೂ ಬೇಡ. ಮೂರನೆಯ ಪೀಳಿಗೆಯ ಪುಸ್ತಕ ನಾಲ್ಕೈದು ವರ್ಷ ಹಳೆಯದಾದರೂ ಮೂಲಪಾಠಗಳಿಗೆ ಧಾರಾಳ ಸಾಕು. ಚಲಕ, ಲೂಪ್, ಫಂಕ್ಷನ್, ಲಿಸ್ಟ್, ಡಿಕ್ಷನರಿ ಇವು ಯಾವುವೂ ಬೀಗದೊಂದಿಗೆ ಹೋಗಲಿಲ್ಲ. ಪ್ರಾಕ್ಟಿಕಲ್ ರೆಕಾರ್ಡಿನ ಯಾವ ಪ್ರೋಗ್ರಾಮಿಗೂ ಬೀಗವಿಲ್ಲದ ಪೈಥಾನ್ ಬೇಕಾಗಿಲ್ಲ.

ಸಿಟ್ಟಾಗದ ಮೇಷ್ಟ್ರು

ಬೀಗದ ಸುದ್ದಿ ಕಂಪನಿಗಳಿಗೆ. ವಿದ್ಯಾರ್ಥಿಗಳಿಗೆ ನಿಜವಾಗಿ ಬೇಕಾದ ಬದಲಾವಣೆ ಸದ್ದಿಲ್ಲದೆ ಬಂದಿದೆ. ತಪ್ಪು ಮಾಡಿದಾಗ ಪೈಥಾನ್ ಕೊಡುವ ಉತ್ತರ ಬದಲಾಗಿದೆ.

ಹಿಂದೆ ಒಂದು ಆವರಣ ಮುಚ್ಚಲು ಮರೆತರೆ ಪೈಥಾನ್ ಮುಂದಿನ ಸಾಲಿನ ಕಡೆ ಬೊಟ್ಟು ಮಾಡಿ ‘ವ್ಯಾಕರಣ ತಪ್ಪು’ ಎಂದು ಸುಮ್ಮನಾಗುತ್ತಿತ್ತು. ಮಗು ಆ ಸಾಲನ್ನು ಹತ್ತು ಸಲ ಓದಿದರೂ ತಪ್ಪು ಸಿಗುತ್ತಿರಲಿಲ್ಲ, ಏಕೆಂದರೆ ತಪ್ಪು ಅಲ್ಲಿರಲೇ ಇಲ್ಲ. 2021ರ 3.10ರಿಂದ ಈ ಭಾಗವನ್ನು ತಿದ್ದುತ್ತ ಬಂದರು. ಈಗ ‘ಈ ಆವರಣ ತೆರೆದೇ ಇದೆ’ ಎಂದು ಅದೇ ಜಾಗ ತೋರಿಸುತ್ತದೆ. 3.11 ಒಂದು ಸಾಲಿನೊಳಗೆ ಎಡವಿದ್ದು ಯಾವ ಪದದಲ್ಲಿ ಎಂದು ಕೆಳಗೆ ಗೆರೆ ಎಳೆಯುತ್ತದೆ. 3.12 ‘ಈ ಗ್ರಂಥವನ್ನು ಇಂಪೋರ್ಟ್ ಮಾಡಲು ಮರೆತಿರಾ?’ ಎಂದು ಕೇಳುತ್ತದೆ. ಮಕ್ಕಳು ಯಾದೃಚ್ಛಿಕ ಸಂಖ್ಯೆಯ ಪಾಠ ಮಾಡುವಾಗ ತಮ್ಮ ಫೈಲಿಗೇ ‘ರ‍್ಯಾಂಡಮ್’ ಎಂದು ಹೆಸರಿಟ್ಟು, ಪೈಥಾನಿನ ಅದೇ ಹೆಸರಿನ ಗ್ರಂಥ ಸಿಗದೆ ಕಂಗಾಲಾಗುವುದುಂಟು. 3.13 ಅದನ್ನು ಗುರುತಿಸಿ ‘ಫೈಲಿನ ಹೆಸರು ಬದಲಿಸಿ ನೋಡಿ’ ಎಂಬ ಸಲಹೆ ಕೊಡುತ್ತದೆ. 3.14ರಲ್ಲಿ ‘ವೈಲ್’ ಎಂಬ ಪದದ ಕಾಗುಣಿತ ತಪ್ಪಿದರೆ ‘ವೈಲ್ ಎಂದು ಬರೆಯಬೇಕಿತ್ತೇ?’ ಎಂದು ವಿಚಾರಿಸುತ್ತದೆ. ಅಲ್ಲದೆ ಆಜ್ಞೆಗಳನ್ನು ಬರೆಯುವಾಗಲೇ ಅವಕ್ಕೆ ಬಣ್ಣ ಹಚ್ಚಿ ತೋರಿಸುತ್ತದೆ.

ಇದು ಸಣ್ಣ ವಿಷಯವಲ್ಲ. ಪ್ರೋಗ್ರಾಮ್ ಕಲಿಯುವುದನ್ನು ಅರ್ಧಕ್ಕೆ ಬಿಟ್ಟವರಲ್ಲಿ ಅನೇಕರು ಬಿಟ್ಟದ್ದು ಬುದ್ಧಿ ಸಾಲದೆ ಅಲ್ಲ, ಪರದೆಯ ಮೇಲಿನ ಕೆಂಪು ಅಕ್ಷರಕ್ಕೆ ಹೆದರಿ. ತಪ್ಪಿನ ಸಂದೇಶ ಬಂದ ಕೂಡಲೇ ಮುಚ್ಚಿ, ಇಡೀ ಪ್ರೋಗ್ರಾಮನ್ನು ಮತ್ತೊಮ್ಮೆ ನಕಲು ಹೊಡೆಯುವ ಅಭ್ಯಾಸ ನಮ್ಮ ಲ್ಯಾಬುಗಳಲ್ಲಿದೆ. ಅದನ್ನು ಬಿಡಿ. ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿ, ಕೊನೆಯ ಸಾಲು ಏನು ತಪ್ಪಾಯಿತೆಂದು ಹೇಳುತ್ತದೆ, ಅದರ ಮೇಲಿನದು ಎಲ್ಲಿ ಎಂದು ಹೇಳುತ್ತದೆ. ಇಂಗ್ಲಿಷ್ ಕಷ್ಟವಾದರೆ ಅರ್ಥವನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ವರ್ಷದಲ್ಲಿ ಬರುವ ತಪ್ಪುಗಳ ಬಗೆ ಹೆಚ್ಚೆಂದರೆ ಇಪ್ಪತ್ತು ಇದ್ದಾವು.

ಬಡಿಸುವ ಕೈಗಳು

ಪೈಥಾನಿಗೆ ಬೆಲೆಯಿಲ್ಲ, ಪುಕ್ಕಟೆ. ಹಾಗಾದರೆ ಇದನ್ನೆಲ್ಲ ಮಾಡುವವರು ಯಾರು? ಮೊದಲು ಗೀಡೊ ಒಬ್ಬರದೇ ಕೊನೆಯ ಮಾತಾಗಿತ್ತು. 2018ರ ಜುಲೈನಲ್ಲಿ ಒಂದು ಹೊಸ ಚಿಹ್ನೆಯ ಬಗ್ಗೆ ನಡೆದ ಕಹಿ ಚರ್ಚೆಯ ನಂತರ ಅವರು ಆ ಸ್ಥಾನ ಬಿಟ್ಟರು. 2019ರಿಂದ ಐವರ ಚುನಾಯಿತ ಮಂಡಳಿ ಇದೆ. ಒಂದೇ ಕಂಪನಿಯ ನೌಕರರು ಅದರಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದು ಎಂಬ ನಿಯಮವಿದೆ. ಪ್ರತಿ ದೊಡ್ಡ ಬದಲಾವಣೆಗೂ ಒಂದು ಲಿಖಿತ ಪ್ರಸ್ತಾಪ ಬೇಕು, ಅದನ್ನು ಯಾರು ಬೇಕಾದರೂ ಓದಿ ಟೀಕಿಸಬಹುದು. ಬೀಗ ತೆಗೆಯುವ ಪ್ರಸ್ತಾಪದ ಸಂಖ್ಯೆ 703. ಪದವಿ ವಿದ್ಯಾರ್ಥಿಗಳು ಓದಿ ನೋಡಬೇಕು. ಲಾಭವನ್ನಷ್ಟೇ ಅಲ್ಲದೆ ನಷ್ಟವನ್ನೂ ಅದೇ ದಸ್ತಾವೇಜಿನಲ್ಲಿ ಬರೆಯುವುದು ಹೇಗೆ ಎಂಬುದಕ್ಕೆ ಅದು ಮಾದರಿ.

ಆದರೆ ಈ ಮನೆಯ ಕಂಬಗಳು ತೆಳುವಾಗಿವೆ. ಮೈಕ್ರೋಸಾಫ್ಟ್ ಕಂಪನಿಯ ಆಶ್ರಯದಲ್ಲಿ ಪೈಥಾನಿನ ವೇಗ ಹೆಚ್ಚಿಸಲು ಒಂದು ತಂಡ ದುಡಿಯುತ್ತಿತ್ತು. 2022ರ 3.11 ತನ್ನ ಹಿಂದಿನದಕ್ಕಿಂತ ಸರಾಸರಿ ಕಾಲು ಭಾಗದಷ್ಟು ಚುರುಕಾದದ್ದರಲ್ಲಿ ಆ ತಂಡದ ಪಾಲು ದೊಡ್ಡದು. 2025ರ ಮೇ ತಿಂಗಳಲ್ಲಿ ಕಂಪನಿ ಆ ತಂಡದ ಹಲವರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ. ಪೈಥಾನನ್ನು ನೋಡಿಕೊಳ್ಳುವ ಲಾಭರಹಿತ ಸಂಸ್ಥೆ ‘ಪೈಥಾನ್ ಸಾಫ್ಟ್‌ವೇರ್ ಫೌಂಡೇಷನ್’ಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ 15 ಲಕ್ಷ ಡಾಲರಿನ ಅನುದಾನ ಬರುವುದರಲ್ಲಿತ್ತು. ವೈವಿಧ್ಯ, ಸಮಾನತೆ ಮತ್ತು ಎಲ್ಲರನ್ನೂ ಒಳಗೊಳ್ಳುವ ಕಾರ್ಯಕ್ರಮಗಳನ್ನು ನಡೆಸಬಾರದೆಂಬ ಷರತ್ತು ಅದರ ಜೊತೆಗಿತ್ತು. ಅನುದಾನದ ಕೆಲಸಕ್ಕಷ್ಟೇ ಅಲ್ಲ, ಇಡೀ ಸಂಸ್ಥೆಗೆ ಅನ್ವಯಿಸುವ ಷರತ್ತು. ತನ್ನ ಧ್ಯೇಯಕ್ಕೆ ಅದು ಹೊಂದುವುದಿಲ್ಲವೆಂದು ಸಂಸ್ಥೆ ಹಣ ಬೇಡವೆಂದಿತು. ಸಂಸ್ಥೆಯ ವಾರ್ಷಿಕ ವೆಚ್ಚ ಆಗ ಸುಮಾರು 50 ಲಕ್ಷ ಡಾಲರ್, ಸಿಬ್ಬಂದಿ 14 ಮಂದಿ. ಅಷ್ಟು ಚಿಕ್ಕ ಸಂಸ್ಥೆಗೆ ಅಷ್ಟು ಹಣ ಬಿಡುವುದೆಂದರೆ ಸುಲಭವಲ್ಲ. ಲೋಕದ ದೊಡ್ಡ ದೊಡ್ಡ ಕಂಪನಿಗಳು ಆತು ನಿಂತಿರುವ ಗೋಡೆಯನ್ನು ಕಾಯುವವರು ಒಂದು ಹೈಸ್ಕೂಲಿನ ಸಿಬ್ಬಂದಿಗಿಂತ ಹೆಚ್ಚಿಲ್ಲ ಎಂಬುದು ಆಗ ಹಲವರಿಗೆ ಮೊದಲ ಬಾರಿ ಗೊತ್ತಾಯಿತು.

ಹೆಸರಿನಲ್ಲೇ ಮೋಸ

ಆ ಹಣವನ್ನು ಬಳಸಬೇಕೆಂದಿದ್ದ ಕೆಲಸ ಯಾವುದು ಗೊತ್ತೇ? ಅದು ನೇರವಾಗಿ ನಿಮ್ಮ ಮನೆಯ ಕಂಪ್ಯೂಟರಿಗೆ ಸಂಬಂಧಿಸಿದ್ದು.

ಪೈಥಾನ್ ಬಳಸುವವರು ಬೇಕಾದ ಸಲಕರಣೆಗಳನ್ನು ತಾವೇ ಬರೆಯುವುದಿಲ್ಲ. ‘ಪೈಥಾನ್ ಪ್ಯಾಕೇಜ್ ಇಂಡೆಕ್ಸ್’ ಎಂಬ ಭಂಡಾರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಸಿದ್ಧ ಪೊಟ್ಟಣಗಳಿವೆ. ‘ಪಿಪ್ ಇನ್‌ಸ್ಟಾಲ್’ ಎಂದು ಒಂದು ಸಾಲು ಬರೆದರೆ ಪೊಟ್ಟಣ ಮನೆಗೆ ಬಂತು. ಆದರೆ ಅಲ್ಲಿ ಪೊಟ್ಟಣ ಇಡಲು ಯಾರಿಗೂ ಅಡ್ಡಿಯಿಲ್ಲ. ಕಳ್ಳರು ಜನಪ್ರಿಯ ಪೊಟ್ಟಣದ ಹೆಸರನ್ನೇ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿ ಇಟ್ಟು ಕಾಯುತ್ತಾರೆ. ಅವಸರದಲ್ಲಿ ಕಾಗುಣಿತ ತಪ್ಪಿದವರ ಕಂಪ್ಯೂಟರಿನೊಳಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮು ಬಂದು ಕೂರುತ್ತದೆ. 2024ರ ಮಾರ್ಚಿನಲ್ಲಿ ಇಂಥ ಪೊಟ್ಟಣಗಳ ಪ್ರವಾಹವೇ ಬಂದು, ಭಂಡಾರದವರು ಕೆಲವು ಗಂಟೆ ಹೊಸಬರ ನೋಂದಣಿಯನ್ನೇ ನಿಲ್ಲಿಸಬೇಕಾಯಿತು. ಪೊಟ್ಟಣ ಇಡುವವರಿಗೆ ಆ ವರ್ಷದ ಆರಂಭದಿಂದ ಎರಡು ಹಂತದ ಗುರುತು ಪರೀಕ್ಷೆ ಕಡ್ಡಾಯವಾಗಿದೆ. ಬಂದ ಪ್ರತಿ ಪೊಟ್ಟಣವನ್ನೂ ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ ಕಟ್ಟುವುದು ಆ ಅನುದಾನದ ಉದ್ದೇಶವಾಗಿತ್ತು.

ಇದಕ್ಕೆ ಹೊಸ ಬಾಲವೊಂದು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಸಹಾಯಕರನ್ನು ಕೇಳಿದರೆ ಪ್ರೋಗ್ರಾಮನ್ನು ಸೊಗಸಾಗಿ ಬರೆದುಕೊಡುತ್ತವೆ. ಆದರೆ ಕೆಲವೊಮ್ಮೆ ಇಲ್ಲದ ಪೊಟ್ಟಣದ ಹೆಸರನ್ನು ಇದೆಯೆಂಬಂತೆ ಹೇಳಿಬಿಡುತ್ತವೆ. ಕಳ್ಳರು ಆ ಇಲ್ಲದ ಹೆಸರಿನಲ್ಲೇ ಒಂದು ಪೊಟ್ಟಣ ತಯಾರಿಸಿ ಇಟ್ಟರೆ? ವಿದ್ಯಾರ್ಥಿ ಬರೆದುಕೊಟ್ಟದ್ದನ್ನು ಹಾಗೇ ನಕಲಿಸಿದರೆ ಮುಗಿಯಿತು.

‘ಯಂತ್ರವೇ ಪ್ರೋಗ್ರಾಮ್ ಬರೆಯುವಾಗ ನಮ್ಮ ಮಗ ಪೈಥಾನ್ ಏಕೆ ಕಲಿಯಬೇಕು?’ ಎಂಬ ತಂದೆತಾಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬರೆದುಕೊಟ್ಟದ್ದು ಸರಿಯೇ ಎಂದು ಓದಿ ನೋಡಲು ಕಲಿಯಬೇಕು. ಕ್ಯಾಲ್ಕುಲೇಟರ್ ಬಂದ ಮೇಲೂ ಮಗ್ಗಿ ಬೇಕಾದದ್ದು ಏಕೆ? ಬೆರಳು ತಪ್ಪಿ ಒಂದು ಸೊನ್ನೆ ಹೆಚ್ಚಾದಾಗ ‘ಇದೇಕೋ ಸರಿಯಿಲ್ಲ’ ಎಂದು ಮನಸ್ಸು ಹೇಳಬೇಕಲ್ಲ, ಅದಕ್ಕೆ.

ಮನೆಯಲ್ಲಿ, ಲ್ಯಾಬಿನಲ್ಲಿ

ಇಷ್ಟು ಕೇಳಿದ ಮೇಲೆ ಕೈಗೆ ಹತ್ತುವ ನಾಲ್ಕು ಮಾತು.

ಒಂದು: ಪೈಥಾನನ್ನು ಅದರ ಅಧಿಕೃತ ತಾಣ ‘ಪೈಥಾನ್ ಡಾಟ್ ಆರ್ಗ್’ನಿಂದಲೇ ಇಳಿಸಿಕೊಳ್ಳಿ. ಪೈಥಾನಿಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಕಲಿಸುವುದಕ್ಕೆ ಶುಲ್ಕ ಕೇಳುವುದು ನ್ಯಾಯ, ಭಾಷೆಗೆ ಕೇಳುವುದು ಅನ್ಯಾಯ. ಕಲಿಕೆಗೂ ಪುಕ್ಕಟೆ ದಾರಿಗಳಿವೆ. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿವೆ. ಮುಂಬಯಿ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಕನ್ನಡದ ಧ್ವನಿಯಲ್ಲೂ ಕಂಪ್ಯೂಟರ್ ಪಾಠಗಳು ಸಿಗುತ್ತವೆ.

ಎರಡು: ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಕೂಡಲೇ ಹೊಸದಕ್ಕೆ ಓಡಬೇಡಿ. ವಿಂಡೋಸ್ 7ರಲ್ಲಿ ಪೈಥಾನ್ 3.8ರವರೆಗೆ ಮಾತ್ರ ಓಡುತ್ತದೆ, 3.13ರಿಂದ ಈಚಿನವಕ್ಕೆ ವಿಂಡೋಸ್ 10 ಬೇಕು. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದರೆ ಹೊಸ ಪೈಥಾನ್ ಸಿಗುತ್ತದೆ. ಇಲ್ಲವೆ ಬ್ರೌಸರಿನಲ್ಲೇ ‘ಗೂಗಲ್ ಕೋಲ್ಯಾಬ್’ ತೆರೆದು ಅಭ್ಯಾಸ ಮಾಡಬಹುದು, ಲೆಕ್ಕವೆಲ್ಲ ದೂರದ ಯಂತ್ರದಲ್ಲಿ ನಡೆಯುತ್ತದೆ.

ಮೂರು: ಪ್ರತಿ ಹೊಸ ಆವೃತ್ತಿಯ ಹಿಂದೆಯೂ ಓಡಬೇಕಾಗಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಯಾವುದಿದೆಯೋ ಅದನ್ನೇ ಮನೆಯಲ್ಲೂ ಇಟ್ಟುಕೊಳ್ಳುವುದು ಪರೀಕ್ಷೆಯ ದೃಷ್ಟಿಯಿಂದ ಜಾಣತನ. ಆದರೆ ಅದರ ಆಯುಸ್ಸು ಮುಗಿದಿದೆಯೇ ನೋಡಿ. 3.14ಕ್ಕೆ 2030ರ ಅಕ್ಟೋಬರಿನವರೆಗೆ ರಕ್ಷಣೆ ಇದೆ. ಮುಗಿದಿದ್ದರೆ ವಿನಯದಿಂದ ಮೇಷ್ಟ್ರ ಗಮನಕ್ಕೆ ತನ್ನಿ.

ನಾಲ್ಕು: ಪೊಟ್ಟಣ ಇಳಿಸುವ ಮೊದಲು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಅಪ್ಪನ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರಿನಲ್ಲಿ ಗುರುತಿಲ್ಲದ ಪೊಟ್ಟಣಗಳ ಪ್ರಯೋಗ ಖಂಡಿತ ಬೇಡ.

ಪದವಿ ಓದುವವರಿಗೆ ಇನ್ನೊಂದು ಮಾತು. ಭಾರತದ ಮೊದಲ ಪೈಥಾನ್ ಸಮ್ಮೇಳನ ‘ಪೈಕಾನ್ ಇಂಡಿಯಾ’ 2009ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಈ ಭಾಷೆಯನ್ನು ನೋಡಿಕೊಳ್ಳುವವರ ಸಾಲಿಗೆ ಸೇರಲು ಯಾರ ಅಪ್ಪಣೆಯೂ ಬೇಕಿಲ್ಲ. ದಾಖಲೆಯಲ್ಲಿ ಕಂಡ ಒಂದು ಸಣ್ಣ ತಪ್ಪನ್ನು ತಿದ್ದಿ ಕಳಿಸುವುದರಿಂದಲೇ ಬಹಳ ಮಂದಿ ಶುರು ಮಾಡಿದ್ದಾರೆ. ಮೂರು ದಶಕದ ಬೀಗವನ್ನು ಒಂದು ದಿನದಲ್ಲಿ ಒಡೆಯದೆ, ಲೆಕ್ಕ ಕೆಡದಂತೆ, ಯಾರ ಒಲೆಯೂ ಆರದಂತೆ ಬಿಚ್ಚುತ್ತಿರುವವರ ತಾಳ್ಮೆಯನ್ನು ಪಾಠದ ಜೊತೆಗೆ ಕಲಿತರೆ ಅದು ಯಾವ ಆವೃತ್ತಿಯಲ್ಲೂ ಹಳತಾಗುವುದಿಲ್ಲ.